ಮನೆಯ ಟ್ರಂಕಿನಲ್ಲಿ ಊರಿನ ಇತಿಹಾಸ: ಹಾವೇರಿ ಸೀಮೆಯ ಯುದ್ಧಕಾಲದ ಪತ್ರಗಳು, ಸ್ಮರಣಿಕೆಗಳು

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ನೆಲದಲ್ಲಿ ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳ ಒಂದು ಗುಂಡೂ ಹಾರಲಿಲ್ಲ. ಆದರೂ ಯುದ್ಧ ಇಲ್ಲಿಗೆ ಬಂದಿತ್ತು. ಅಂಚೆಯವನ ಚೀಲದಲ್ಲಿ, ಪಡಿತರದ ಚೀಟಿಯಲ್ಲಿ, ಸೆರೆಮನೆಯ ಮೊಹರು ಬಿದ್ದ ಕಾಗದದಲ್ಲಿ, ತೂತಿನ ಕಾಸಿನಲ್ಲಿ ಅದು ಮನೆಮನೆಯ ಹೊಸ್ತಿಲು ದಾಟಿತು. ಆ ಕಾಲದ ಸರ್ಕಾರಿ ದಾಖಲೆಗಳು ಮುಂಬಯಿ, ಪುಣೆ, ಲಂಡನ್ನುಗಳಲ್ಲಿವೆ. ಉಳಿದರ್ಧ ಹಳ್ಳಿಯ ಮನೆಗಳ ಟ್ರಂಕು, ಸಂದೂಕ, ಗೋಡೆಯ ಮಾಡಗಳಲ್ಲಿದೆ. ಈ ಎರಡನ್ನೂ ಒಟ್ಟಿಗೆ ಇಟ್ಟು ಓದಿದಾಗ ಮಾತ್ರ ಈ ಸೀಮೆಯ ಇತಿಹಾಸ ಪೂರ್ಣವಾಗುತ್ತದೆ. ಸರ್ಕಾರದ ಕಡತಕ್ಕೆ ಕಾವಲಿದೆ, ಟ್ರಂಕಿಗೆ ಇಲ್ಲ ಎಂಬುದೇ ಇಂದಿನ ಆತಂಕ.

ಕಲ್ಲಿನಲ್ಲಿ ಬರೆದ ಸುದ್ದಿ

ಯುದ್ಧದಲ್ಲಿ ಮಡಿದವನ ನೆನಪನ್ನು ಊರಿನಲ್ಲಿ ಉಳಿಸಿಕೊಳ್ಳುವ ಪದ್ಧತಿ ಈ ಭಾಗಕ್ಕೆ ಹೊಸದಲ್ಲ. ಹಾವೇರಿಯ ಸಿದ್ದೇಶ್ವರ ದೇವಾಲಯದ ಆವರಣವೂ ಸೇರಿದಂತೆ ಜಿಲ್ಲೆಯ ಅನೇಕ ಊರುಗಳಲ್ಲಿ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಇವು ಮೂರು ಹಂತದವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ಶಿವಸನ್ನಿಧಿ. ಪಟ್ಟಿಕೆಗಳ ನಡುವಿನ ಬರಹವೇ ಇತಿಹಾಸಕಾರನಿಗೆ ಮುಖ್ಯ. ಯಾವ ಅರಸನ ಕಾಲ, ಯಾವ ಊರು, ದನಗಳನ್ನು ಬಿಡಿಸುವಾಗಲೋ ಊರು ಕಾಯುವಾಗಲೋ, ಸತ್ತವನ ಹೆಸರೇನು, ಕಲ್ಲು ನಿಲ್ಲಿಸಿದವರು ಯಾರು ಎಂಬುದನ್ನು ಅದು ಹೇಳುತ್ತದೆ.

ಬರಹವಿಲ್ಲದ ವೀರಗಲ್ಲುಗಳೂ ಹೇರಳವಾಗಿವೆ. ಅವುಗಳಿಗೆ ಕುಂಕುಮ ಹಚ್ಚುತ್ತಾರೆ, ಪೂಜೆ ಮಾಡುತ್ತಾರೆ. ಸತ್ತವನು ಯಾರೆಂದು ಮಾತ್ರ ಹೇಳಬಲ್ಲವರಿಲ್ಲ. ಹೆಸರು, ಊರು, ಕಾಲ ಈ ಮೂರರ ನಂಟು ತಪ್ಪಿದರೆ ನೆನಪಿನ ವಸ್ತು ಬರಿಯ ವಸ್ತುವಾಗಿ ಉಳಿಯುತ್ತದೆ. ಕಲ್ಲಿಗೆ ಅನ್ವಯಿಸುವ ಈ ಮಾತು ಕಾಗದಕ್ಕೂ ಪದಕಕ್ಕೂ ಅಷ್ಟೇ ಅನ್ವಯಿಸುತ್ತದೆ.

1800ರ ರಾಣೆಬೆನ್ನೂರು: ಗೆದ್ದವನ ಪತ್ರ

ಈ ಸೀಮೆಯ ಯುದ್ಧಪತ್ರಗಳಲ್ಲಿ ಹೊರಜಗತ್ತಿಗೆ ಹೆಚ್ಚು ಪರಿಚಿತವಾದವು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯವು. ಮುಂದೆ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಹೆಸರಾದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಈತನೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಸೆರೆಯಿಂದ ಹೊರಬಂದ ಧೊಂಡಿಯಾ ವಾಘ್ ದಂಡು ಕಟ್ಟಿ ತುಂಗಭದ್ರೆಯ ಉತ್ತರದ ನಾಡನ್ನು ಹಿಡಿದುಕೊಂಡ. ಅವನ ಬೆನ್ನುಹತ್ತಿದ ವೆಲ್ಲೆಸ್ಲಿ 1800ರ ಜೂನ್ ತಿಂಗಳ ಕೊನೆಯಲ್ಲಿ ಹರಿಹರದ ಬಳಿ ಹೊಳೆ ದಾಟಿ ರಾಣೆಬೆನ್ನೂರಿಗೆ ಬಂದ. ಕೋಟೆಯಿಂದ ಗುಂಡು ಹಾರಿತು. ವೆಲ್ಲೆಸ್ಲಿಯ ಪಡೆ ಕೋಟೆಯನ್ನು ಏರಿ ವಶಪಡಿಸಿಕೊಂಡಿತು. ಆ ವರ್ಷದ ಸೆಪ್ಟೆಂಬರ್ 10ರಂದು ಧೊಂಡಿಯಾ ಕಾಳಗದಲ್ಲಿ ಹತನಾದ.

ಈ ದಂಡಯಾತ್ರೆಯ ಉದ್ದಕ್ಕೂ ವೆಲ್ಲೆಸ್ಲಿ ಬಿಡಾರದಿಂದ ಬಿಡಾರಕ್ಕೆ ಪತ್ರ ಬರೆಯುತ್ತಲೇ ಹೋದ. ಹೊಳೆಯ ನೀರು ಏರಿದ್ದು, ಎತ್ತುಗಳ ಕೊರತೆ, ಅಕ್ಕಿಯ ಅಭಾವ ಎಲ್ಲವೂ ಅವುಗಳಲ್ಲಿ ದಾಖಲಾದವು. 1830ರ ದಶಕದಿಂದ ಅವು ಸಂಪುಟಗಳಾಗಿ ಅಚ್ಚಾದವು. ವೆಲ್ಲಿಂಗ್ಟನ್ನನ ಕಾಗದಪತ್ರಗಳ ಸಂಗ್ರಹ 1983ರಿಂದ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿದೆ.

ಈ ಪತ್ರಗಳ ಉಪಯೋಗಕ್ಕೆ ಒಂದು ಮಿತಿಯೂ ಇದೆ. ಅವುಗಳಲ್ಲಿ ಊರುಗಳ ಹೆಸರು ಬರೆಯುವವನ ಕಿವಿಗೆ ಕೇಳಿಸಿದಂತಿವೆ. ಬೆನ್ನೂರು ‘ಬೆಡ್ನೋರ್’ ಆಗಿದೆ. ಸ್ಥಳ ಬಲ್ಲದವರು ಅದನ್ನು ಕೆಳದಿ ಅರಸರ ಬಿದನೂರೆಂದು ಓದಿಕೊಳ್ಳುವ ಸಾಧ್ಯತೆಯಿದೆ. ಅದಕ್ಕಿಂತ ದೊಡ್ಡ ಮಿತಿಯೆಂದರೆ, ಕೋಟೆಯೊಳಗಿದ್ದವರ ಮಾತು ಅವುಗಳಲ್ಲಿಲ್ಲ. ಗೆದ್ದವನು ಬರೆದಿಟ್ಟ, ಅವನ ಕಚೇರಿ ಕಾಪಾಡಿತು, ಅವನ ದೇಶ ಅಚ್ಚುಹಾಕಿತು. ಪತ್ರ ಉಳಿದ ಕಡೆಯಿಂದಲೇ ಇತಿಹಾಸ ನೋಡಲ್ಪಡುತ್ತದೆ ಎಂಬುದಕ್ಕೆ ರಾಣೆಬೆನ್ನೂರಿನ ಈ ಪ್ರಸಂಗ ಉತ್ತಮ ನಿದರ್ಶನ.

ಪದಕದ ಅಂಚಿನ ಹೆಸರು

ಮೊದಲ ಮಹಾಯುದ್ಧದ ವೇಳೆಗೆ (1914–1918) ಈ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಬೆಳಗಾವಿ, ಧಾರವಾಡ ಜಿಲ್ಲೆಗಳ ಯುವಕರು ಮರಾಠಾ ಪಲ್ಟಣಗಳನ್ನು ಸೇರುತ್ತಿದ್ದರು. ಹಲವು ಮರಾಠಾ ಪಲ್ಟಣಗಳು ಇಂದಿನ ಇರಾಕ್ ಆಗಿರುವ ಮೆಸೊಪೊಟೇಮಿಯಾದಲ್ಲಿ ಹೋರಾಡಿದವು. 1922ರಲ್ಲಿ ಪಲ್ಟಣಗಳ ಮರುರಚನೆಯಾದಾಗ ಮರಾಠಾ ರೆಜಿಮೆಂಟಿನ ಕೇಂದ್ರ ಬೆಳಗಾವಿಯಲ್ಲಿ ನೆಲೆಯಾಯಿತು.

ಫ್ರಾನ್ಸ್‌ನಲ್ಲಿದ್ದ ಭಾರತೀಯ ಸೈನಿಕರ ಪತ್ರಗಳನ್ನು ಸೇನೆಯ ಸೆನ್ಸಾರ್ ಕಚೇರಿ ಓದುತ್ತಿತ್ತು. ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ವರದಿ ಮಾಡುತ್ತಿತ್ತು. ಆ ವರದಿಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ಬಹುಪಾಲು ಪಂಜಾಬ್ ಮತ್ತು ಉತ್ತರ ಭಾರತದ ಸೈನಿಕರ ಮಾತುಗಳು. ಧಾರವಾಡ ಜಿಲ್ಲೆಯ ಹಳ್ಳಿಯವನೊಬ್ಬ ಪಲ್ಟಣದಲ್ಲಿದ್ದನೆಂಬುದಕ್ಕೆ ಸಾಕ್ಷಿ ಬೇಕಿದ್ದರೆ ಹುಡುಕಬೇಕಾದದ್ದು ಅವನ ಮನೆಯಲ್ಲೇ.

ಮನೆಯಲ್ಲಿ ಸಿಗಬಹುದಾದ ಮುಖ್ಯ ವಸ್ತು ಪದಕ. ಆ ಯುದ್ಧದ ಬೆಳ್ಳಿ ಪದಕದ ಅಂಚಿನ ಮೇಲೆ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ಪಲ್ಟಣ ಕೊರೆದಿರುತ್ತದೆ. ಅಂಚನ್ನು ಭೂತಗನ್ನಡಿಯಲ್ಲಿ ಓದಿದರೆ ಒಬ್ಬ ಮನುಷ್ಯನ ಜಾಡು ಸಿಗುತ್ತದೆ. ಬೆಳ್ಳಿಯೆಂದು ಅದನ್ನು ಅಕ್ಕಸಾಲಿಗನಿಗೆ ಕೊಟ್ಟು ಕರಗಿಸಿದರೆ ಆ ಜಾಡೂ ಕರಗುತ್ತದೆ.

ಇದು ಭಾವುಕತೆಯ ಮಾತಲ್ಲ. ಮೆಸೊಪೊಟೇಮಿಯಾದಲ್ಲಿ ಮಡಿದವರಿಗಾಗಿ 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕದ ಫಲಕಗಳ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳಿವೆ. ಭಾರತದ ಸಾಮಾನ್ಯ ಸಿಪಾಯಿಗಳ ಪಾಲಿಗೆ ಪಲ್ಟಣವಾರು ಸಂಖ್ಯೆ ಮಾತ್ರ ಬಂದಿತು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ, ಮುಖ್ಯವಾಗಿ ಏಷ್ಯಾ ಮತ್ತು ಆಫ್ರಿಕಾದ 45,000ದಿಂದ 54,000 ಮಂದಿಯ ಸ್ಮರಣೆಯಲ್ಲಿ ಅಸಮಾನತೆ ನಡೆದಿದೆಯೆಂದು ಒಪ್ಪಿಕೊಂಡಿತು. ಸ್ಮಾರಕ ಹೆಸರು ಬಿಟ್ಟ ಕಡೆ ಮನೆಯ ಪದಕವೇ ಹೆಸರು ಹೇಳಬೇಕಾಗುತ್ತದೆ.

ಎರಡನೆಯ ಮಹಾಯುದ್ಧ ಮತ್ತು ಮನೆವಾರ್ತೆ

1939ರಿಂದ 1945ರವರೆಗೆ ನಡೆದ ಎರಡನೆಯ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೇನೆಯಲ್ಲಿದ್ದರು. ಸೈನಿಕನ ಪತ್ರದ ಮೇಲೆ ಊರಿನ ಹೆಸರು ಇರುತ್ತಿರಲಿಲ್ಲ. ಯುದ್ಧಭೂಮಿ ಅಂಚೆ ಕಚೇರಿಯ ಸಂಖ್ಯೆಯಷ್ಟೇ ಇರುತ್ತಿತ್ತು. ಮಗ ಆಫ್ರಿಕಾದಲ್ಲಿದ್ದಾನೋ ಬರ್ಮಾದಲ್ಲಿದ್ದಾನೋ ಮನೆಯವರಿಗೆ ತಿಳಿಯುತ್ತಿರಲಿಲ್ಲ. ಇಂದು ಆ ಸಂಖ್ಯೆ ಮತ್ತು ತಾರೀಖುಗಳನ್ನು ಸೇನಾ ಅಂಚೆಯ ಪಟ್ಟಿಗಳೊಂದಿಗೆ ಹೋಲಿಸಿ ಅವನಿದ್ದ ಸ್ಥಳವನ್ನು ಗುರುತಿಸಬಹುದು. ಅಂದು ತಂದೆತಾಯಿಗೆ ತಿಳಿಯದ ಸಂಗತಿ ಮೊಮ್ಮಕ್ಕಳಿಗೆ ತಿಳಿಯುವುದು ಹಳೆಯ ಲಕೋಟೆ ಉಳಿದಿದ್ದರೆ ಮಾತ್ರ.

ಸೇನೆಗೆ ಯಾರನ್ನೂ ಕಳುಹಿಸದ ಮನೆಗಳನ್ನೂ ಯುದ್ಧ ಬಿಡಲಿಲ್ಲ. ಬೆಳ್ಳಿಯ ಅಭಾವದಿಂದ 1940ರಲ್ಲಿ ರೂಪಾಯಿಯ ಬೆಳ್ಳಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಲಾಯಿತು. ಒಂದು ರೂಪಾಯಿಯ ನೋಟು ಮತ್ತೆ ಚಲಾವಣೆಗೆ ಬಂದಿತು. ಲೋಹ ಉಳಿಸಲು 1943ರಿಂದ ನಡುವೆ ರಂಧ್ರವಿರುವ ಪೈಸೆ ಟಂಕಿಸಲಾಯಿತು. ಹಳೆಯ ಮನೆಗಳಲ್ಲಿ ಇಂದಿಗೂ ಕಾಣಸಿಗುವ ತೂತಿನ ಕಾಸು ಅದೇ. ಮಕ್ಕಳ ಆಟದ ವಸ್ತುವಾಗಿರುವ ಆ ಕಾಸು, ದೂರದ ಯುದ್ಧ ಹಳ್ಳಿಯ ಸಂತೆಯನ್ನು ಹೇಗೆ ಮುಟ್ಟಿತೆಂಬುದರ ದಾಖಲೆಯಾಗಿದೆ.

ಮೋಟೆಬೆನ್ನೂರಿನ ಮಹದೇವ

ಯುದ್ಧಕಾಲದ ಇನ್ನೊಂದು ಮುಖ ಸ್ವಾತಂತ್ರ್ಯ ಹೋರಾಟ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಜನಿಸಿದ ಮೈಲಾರ ಮಹದೇವಪ್ಪ, 1930ರ ಮಾರ್ಚ್ 12ರಂದು ಗಾಂಧೀಜಿಯವರೊಂದಿಗೆ ಸಬರಮತಿಯಿಂದ ದಂಡಿಗೆ ಹೊರಟ ತಂಡದಲ್ಲಿದ್ದ ಕನ್ನಡಿಗ. ಆಗ ಅವರಿಗೆ 18 ವರ್ಷ. ‘ಯಂಗ್ ಇಂಡಿಯಾ’ ಪತ್ರಿಕೆ ಆ ತಂಡದವರ ಪಟ್ಟಿಯನ್ನು ಪ್ರಕಟಿಸಿತು.

ಆ ಪಟ್ಟಿಯಲ್ಲಿ ‘ಮೈಲಾರ ಮಹದೇವಪ್ಪ’ ಎಂದು ಹುಡುಕಿದರೆ ಸಿಗುವುದಿಲ್ಲ. ಕರ್ನಾಟಕದ ಹೆಸರಿನಲ್ಲಿ ಅಲ್ಲಿರುವುದು ‘ಮಹಾದೇವ ಮಾರ್ತಂಡ’. ಮುಂಬಯಿ ಪ್ರಾಂತದ ರೂಢಿಯಂತೆ ಸ್ವಂತ ಹೆಸರಿನ ಮುಂದೆ ತಂದೆಯ ಹೆಸರು ಬಂದಿದೆ. ತಂದೆ ಮಾರ್ತಂಡಪ್ಪ ಎಂಬುದನ್ನು ಊರು ಬಲ್ಲದು. ಊರಿನ ನೆನಪು ಇಲ್ಲದಿದ್ದರೆ ಪಟ್ಟಿಯ ಹೆಸರು ಯಾರದೆಂದು ತಿಳಿಯುತ್ತಿರಲಿಲ್ಲ. ಪಟ್ಟಿ ಇಲ್ಲದಿದ್ದರೆ ಊರಿನ ಮಾತನ್ನು ಹೊರಗಿನವರು ನಂಬಬೇಕಾಗಿರಲಿಲ್ಲ. ಒಂದಕ್ಕೊಂದು ಸಾಕ್ಷಿ ನಿಂತಿವೆ.

ಮಹದೇವಪ್ಪನವರು ಸೆರೆವಾಸ ಅನುಭವಿಸಿದರು. ಪತ್ನಿ ಸಿದ್ದಮ್ಮ ಸಬರಮತಿ ಆಶ್ರಮ ಸೇರಿ ಸತ್ಯಾಗ್ರಹದಲ್ಲಿ ಜೈಲು ಕಂಡರು. ಮುಂದೆ ಮಹದೇವಪ್ಪನವರು ಹಾವೇರಿ ತಾಲ್ಲೂಕಿನ ಕೊರಡೂರಿನಲ್ಲಿ ಸೇವಾಶ್ರಮ ನಡೆಸಿದರು. 1942ರ ಆಗಸ್ಟ್‌ನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಆರಂಭವಾದಾಗ ಭೂಗತರಾಗಿ, ಸಂಗಡಿಗರೊಂದಿಗೆ ಸರ್ಕಾರದ ಆಡಳಿತ ಯಂತ್ರವನ್ನು ಕೆಡಿಸುವ ಕಾರ್ಯಕ್ಕಿಳಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಕಚೇರಿಯ ಮೇಲೆ ನಡೆಸಿದ ದಾಳಿಯಲ್ಲಿ ಪೊಲೀಸರ ಗುಂಡಿಗೆ ಮಹದೇವಪ್ಪ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಬಲಿಯಾದರು.

ಹಾವೇರಿಯಲ್ಲಿ ಅವರ ನೆನಪಿಗೆ ವೀರಸೌಧವಿದೆ. ಹಾವೇರಿ ರೈಲು ನಿಲ್ದಾಣಕ್ಕೆ ಮಹದೇವಪ್ಪನವರ ಹೆಸರಿಡಲಾಗಿದೆ. 2018ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು.

ಸುಟ್ಟ ಕಾಗದಗಳು, ಕಾಗದವಿಲ್ಲದ ಜನ

1942–43ರ ಚಳವಳಿಯ ಕಾಗದಪತ್ರಗಳು ವಿರಳವಾಗಿರುವುದಕ್ಕೆ ಕಾರಣವಿದೆ. ಭೂಗತ ಕಾರ್ಯಕರ್ತನಿಗೆ ಕಿಸೆಯಲ್ಲಿನ ಚೀಟಿಯೇ ಶತ್ರು. ಓದಿದ ಮೇಲೆ ಅದನ್ನು ಒಲೆಗೆ ಹಾಕುವುದು ಆ ಕಾಲದ ಎಚ್ಚರಿಕೆ. ಇನ್ನೊಂದೆಡೆ ಊರ ಚಾವಡಿಯ ದಫ್ತರಗಳನ್ನು ಸುಡುವುದು, ಅಂಚೆ ಚೀಲ ಕಸಿಯುವುದು, ತಂತಿ ಕತ್ತರಿಸುವುದು ಚಳವಳಿಯ ಭಾಗವೇ ಆಗಿತ್ತು. ಹೀಗಾಗಿ ಎರಡೂ ಕಡೆಯ ಕಾಗದ ಸುಟ್ಟುಹೋಯಿತು. ಉಳಿದದ್ದು ಹೆಚ್ಚಾಗಿ ಪೊಲೀಸ್ ಕಡತ, ಕೋರ್ಟಿನ ತೀರ್ಪು ಮತ್ತು ಹಿಂಡಲಗಾ, ಯರವಡಾದಂತಹ ಸೆರೆಮನೆಗಳಿಂದ ಮೇಲ್ವಿಚಾರಕನ ತಪಾಸಣೆ ದಾಟಿ ಬಂದ ಪತ್ರಗಳು. ತಪಾಸಣೆ ಮಾಡುವವನ ಕಣ್ಣಿಗೆ ಬೀಳುತ್ತದೆಂದು ತಿಳಿದೇ ಬರೆದ ಕಾರಣ ಆ ಪತ್ರಗಳಲ್ಲಿ ಮಳೆ, ಬೆಳೆ, ದನಕರು, ಮಕ್ಕಳ ಓದಿನ ವಿಚಾರಗಳೇ ಹೆಚ್ಚು. ರಾಜಕೀಯ ಇಲ್ಲವೆಂದು ಅವುಗಳನ್ನು ಬದಿಗೆ ಸರಿಸುವುದು ತಪ್ಪು. ಯಜಮಾನ ಜೈಲಿನಲ್ಲಿದ್ದಾಗ ಹೊಲ ಯಾರು ಮಾಡಿದರು, ಸಾಲ ಯಾರು ಕೊಟ್ಟರು, ಬಿತ್ತನೆಗೆ ಬೀಜ ಎಲ್ಲಿಂದ ಬಂತು ಎಂಬುದಕ್ಕೆ ಅವೇ ಆಧಾರ.

ಕಾಗದದ ಬೆಲೆ ಎಷ್ಟೆಂಬುದು ಮೂರು ದಶಕಗಳ ನಂತರ ಜನರಿಗೆ ಅರಿವಾಯಿತು. ಸ್ವಾತಂತ್ರ್ಯದ 25ನೆಯ ವರ್ಷವಾದ 1972ರಲ್ಲಿ ಕೇಂದ್ರ ಸರ್ಕಾರ ಹೋರಾಟಗಾರರಿಗೆ ತಾಮ್ರಪತ್ರ ನೀಡಿತು. ಪಿಂಚಣಿ ಯೋಜನೆಯನ್ನೂ ಜಾರಿಗೊಳಿಸಿತು. 1980ರಲ್ಲಿ ಅದು ಸ್ವಾತಂತ್ರ್ಯ ಸೈನಿಕ ಸಮ್ಮಾನ ಪಿಂಚಣಿಯಾಗಿ ವಿಸ್ತರಣೆಗೊಂಡಿತು. ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಸೆರೆವಾಸ ಅಥವಾ ಭೂಗತ ಜೀವನಕ್ಕೆ ದಾಖಲೆ ಒದಗಿಸಬೇಕಿತ್ತು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸೆರೆವಾಸದ ಅವಧಿ ಮೂರು ತಿಂಗಳು. ಜೈಲಿನ ದಾಖಲೆ ಸಿಗದಿದ್ದರೆ ಅದು ಲಭ್ಯವಿಲ್ಲವೆಂಬ ಪತ್ರದ ಜೊತೆಗೆ ಸಹಕೈದಿಗಳ ಪ್ರಮಾಣಪತ್ರ ಬೇಕಿತ್ತು.

ಈ ನಿಯಮದ ಹೊರಗೆ ಉಳಿದವರನ್ನು ಊಹಿಸುವುದು ಕಷ್ಟವಲ್ಲ. ರಾತ್ರಿ ಬಂದವರಿಗೆ ರೊಟ್ಟಿ ಬಡಿದುಕೊಟ್ಟ ಹೆಣ್ಣುಮಕ್ಕಳು, ಹೊಲದ ಗುಡಿಸಲಿನಲ್ಲಿ ಆಸರೆ ನೀಡಿದ ರೈತರು, ಊರಿಂದೂರಿಗೆ ಸುದ್ದಿ ಮುಟ್ಟಿಸಿದ ಹುಡುಗರು, ಲಾಕಪ್ಪಿನಲ್ಲಿ ಏಟು ತಿಂದು ಶಿಕ್ಷೆಯಿಲ್ಲದೆ ಬಿಡುಗಡೆಯಾದವರು ಯಾವ ಪಟ್ಟಿಯಲ್ಲೂ ಸೇರಲಿಲ್ಲ. ಅಂಥವರ ಪಾತ್ರಕ್ಕೆ ಆಧಾರವಾಗಬಲ್ಲದ್ದು ಮನೆಯ ಒಂದು ಚೀಟಿ, ಲೆಕ್ಕದ ಪುಸ್ತಕದ ಒಂದು ಸಾಲು, ಇಲ್ಲವೆ ಹಿರಿಯರ ಬಾಯಿಮಾತು.

ಒಂದು ಹಳೆಯ ಪತ್ರವನ್ನು ಓದುವ ಬಗೆ

ಹಳೆಯ ಪತ್ರವನ್ನು ಒಕ್ಕಣೆಯಿಂದ ಆರಂಭಿಸಿ ಓದಬೇಕು. ತೀರ್ಥರೂಪು, ಚಿರಂಜೀವಿ, ಶರಣು ಶರಣಾರ್ಥಿ ಮುಂತಾದ ಪದಗಳು ಬರೆದವರ ಮತ್ತು ಪಡೆದವರ ಸಂಬಂಧವನ್ನೂ ಮನೆತನದ ಸಂಪ್ರದಾಯವನ್ನೂ ತಿಳಿಸುತ್ತವೆ. ಅಕ್ಷರ ಬಾರದವರು ಬೇರೆಯವರಿಂದ ಬರೆಸುತ್ತಿದ್ದುದರಿಂದ ಕೈಬರಹ ಯಾರದು ಎಂಬುದನ್ನೂ ಗಮನಿಸಬೇಕು. ಮುಂಬಯಿ ಪ್ರಾಂತದ ಕಾಗದಗಳಲ್ಲಿ ಮರಾಠಿ ಮಾತು, ಮೋಡಿ ಲಿಪಿಯ ಸಾಲುಗಳು ಬರುವುದು ಸಹಜ. ಓದಲು ಬಾರದ ಲಿಪಿಯೆಂದು ಅವನ್ನು ಎಸೆಯಬಾರದು.

ಒಳಗಿನ ಬರಹದಷ್ಟೇ ಮುಖ್ಯವಾದದ್ದು ಲಕೋಟೆ. ಅಂಚೆಯ ಮೊಹರಿನಲ್ಲಿ ತಾರೀಖು ಮತ್ತು ಕಚೇರಿ, ಸೆನ್ಸಾರ್ ಮುದ್ರೆಯಲ್ಲಿ ತಪಾಸಣೆಯ ಗುರುತು ಇರುತ್ತದೆ. ಅಂಚೆಚೀಟಿ ಸಂಗ್ರಹದ ಹವ್ಯಾಸಕ್ಕಾಗಿ ಚೀಟಿಯನ್ನು ಕತ್ತರಿಸಿ ತೆಗೆದ ಲಕೋಟೆಗಳಲ್ಲಿ ತಾರೀಖೂ ಕತ್ತರಿಯ ಪಾಲಾಗಿರುತ್ತದೆ.

ಕಾಪಾಡುವ ಕ್ರಮ

ಹಿಂದೆ ಬಂದ ಕಾಗದಗಳನ್ನು ಕೊಕ್ಕೆಯ ತಂತಿಗೆ ಚುಚ್ಚಿ ತೂಗುಹಾಕುವುದು ಮನೆಮನೆಯ ಪದ್ಧತಿಯಾಗಿತ್ತು. ತಂತಿಯ ತುಕ್ಕು ಕಾಗದವನ್ನು ತಿನ್ನುತ್ತದೆ. ಆದ್ದರಿಂದ ತಂತಿ, ಟಾಚಣಿಗಳನ್ನು ಮೊದಲು ತೆಗೆಯಬೇಕು. ಆದರೆ ಚುಚ್ಚಿದ್ದ ಅನುಕ್ರಮವನ್ನು ಕೆಡಿಸಬಾರದು, ಏಕೆಂದರೆ ಅದು ಪತ್ರಗಳು ಬಂದ ಅನುಕ್ರಮವೂ ಆಗಿರಬಹುದು. ಹರಿದ ಕಡೆ ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಎರಡೂ ಹಾನಿಕರ. ಬಿಸಿ ಮತ್ತು ಅಂಟಿನಿಂದ ಕಾಗದ ಶಾಶ್ವತವಾಗಿ ಕೆಡುತ್ತದೆ. ಆ ಕಾಲದ ನೇರಳೆ ಪೆನ್ಸಿಲಿನ ಬರಹ ನೀರು ತಗುಲಿದೊಡನೆ ಹರಡುತ್ತದೆ. ಪತ್ರಗಳನ್ನು ಮಡಿಕೆ ಬಿಡಿಸಿ, ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಎತ್ತರದಲ್ಲಿ, ಬಿಸಿಲು ಮತ್ತು ತೇವ ತಾಗದಂತೆ ಇಡಬೇಕು. ಪದಕ, ತಾಮ್ರಪತ್ರಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊಳಪಿನೊಂದಿಗೆ ಅಕ್ಷರವೂ ಸವೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರತಿಯೊಂದು ವಸ್ತುವಿನೊಂದಿಗೆ ಒಂದು ಬೇರೆ ಹಾಳೆಯಲ್ಲಿ ಯಾರದು, ಯಾವ ಊರು, ಯಾರಿಂದ ಬಂತು, ಈ ವಿವರ ಹೇಳಿದವರು ಯಾರು ಎಂದು ಬರೆದಿಡುವುದು. ಪತ್ರದ ಎರಡೂ ಬದಿ ಹಾಗೂ ಲಕೋಟೆಯ ಛಾಯಾಚಿತ್ರ ತೆಗೆದು ಒಂದಕ್ಕಿಂತ ಹೆಚ್ಚು ಕಡೆ ಇಡಬೇಕು. ಮೂಲ ಪ್ರತಿಯನ್ನು ಕೊಡಲು ಮನಸ್ಸಿಲ್ಲದ ಮನೆಗಳೂ ಪ್ರತಿ ಕೊಡಬಹುದು. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ, 1939ರಲ್ಲಿ ಸ್ಥಾಪನೆಯಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಹಾವೇರಿ ಜಿಲ್ಲೆಯಲ್ಲೇ ಇರುವ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇಂತಹ ಸಾಮಗ್ರಿಯ ಬಗ್ಗೆ ವಿಚಾರಿಸಬಹುದಾದ ಸಂಸ್ಥೆಗಳು.

ಅವಧಿ ಕಿರಿದು

1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾದ ಹಾವೇರಿ ಆಡಳಿತದ ದೃಷ್ಟಿಯಿಂದ ಎಳೆಯ ಜಿಲ್ಲೆ. ಅದಕ್ಕಿಂತ ಹಿಂದಿನ ದಾಖಲೆಗಳನ್ನು ಧಾರವಾಡದ ಹೆಸರಿನಲ್ಲೂ, 1956ಕ್ಕಿಂತ ಹಿಂದಿನವನ್ನು ಮುಂಬಯಿಯ ಹೆಸರಿನಲ್ಲೂ ಹುಡುಕಬೇಕಾಗುತ್ತದೆ. ಮನೆಯ ದಾಖಲೆಗಳು ಮಾತ್ರ ಊರಿನಲ್ಲೇ ಇವೆ. ಆದರೆ 2019ರ ಆಗಸ್ಟ್‌ನ ನೆರೆಯಲ್ಲಿ ಜಿಲ್ಲೆಯ ನದಿತೀರದ ಹಳ್ಳಿಗಳ ಮನೆಗಳು ಕುಸಿದಾಗ ಕಂಡಂತೆ, ಮಣ್ಣಿನ ಗೋಡೆ ಬಿದ್ದರೆ ಮಾಡದಲ್ಲಿದ್ದ ಕಾಗದಕ್ಕೂ ಉಳಿವಿಲ್ಲ. ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಮೊದಲು ರದ್ದಿಗೆ ಹೋಗುವುದೂ ಅದೇ.

ಸ್ವಾತಂತ್ರ್ಯಾನಂತರದ ಯುದ್ಧಗಳಿಗೂ ಈ ಮಾತು ಸಲ್ಲುತ್ತದೆ. 1962, 1965, 1971ರ ಯುದ್ಧಗಳಲ್ಲಿ ‘56 ಎ.ಪಿ.ಒ.’ ಅಥವಾ ‘99 ಎ.ಪಿ.ಒ.’ ವಿಳಾಸ ಹೊತ್ತ ಇನ್‌ಲ್ಯಾಂಡ್ ಪತ್ರಗಳು ಹಳ್ಳಿಗಳಿಗೆ ಬಂದವು. 1999ರ ಕಾರ್ಗಿಲ್ ಯುದ್ಧದ ನಂತರ ಮೊಬೈಲ್ ಫೋನ್ ಆ ಪತ್ರಗಳ ಜಾಗ ತೆಗೆದುಕೊಂಡಿತು. ಫೋನಿನ ಮಾತು ಆಡಿದೊಡನೆ ಮುಗಿಯುತ್ತದೆ; ಸಂದೇಶಗಳು ಫೋನು ಕೆಟ್ಟೊಡನೆ ಅಳಿಯುತ್ತವೆ. ಹೀಗಾಗಿ ಮನೆಗಳಲ್ಲಿ ಉಳಿದಿರುವ ಕಾಗದಗಳ ರಾಶಿ ಇನ್ನು ಬೆಳೆಯುವಂಥದ್ದಲ್ಲ, ಕರಗುವಂಥದ್ದು.

1943ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತು ದಾಟಿದ್ದಾರೆ. ಪತ್ರದಲ್ಲಿ ‘ಅಣ್ಣ’ ಎಂದಿರುವುದು ಯಾರನ್ನು, ಹಳೆಯ ಚಿತ್ರದ ಅಂಚಿನಲ್ಲಿ ನಿಂತವನು ಯಾರ ಮಗ ಎಂದು ಹೇಳಬಲ್ಲ ಕೊನೆಯ ತಲೆಮಾರು ಅದು. ಅವರ ಮುಂದೆ ಟ್ರಂಕು ತೆರೆದು ಕೇಳಿ ಬರೆದಿಟ್ಟರೆ ಆ ಕಾಗದಗಳಿಗೆ ಹೆಸರು ಉಳಿಯುತ್ತದೆ. ಇಲ್ಲವಾದರೆ ಅವೂ ಬರಹವಿಲ್ಲದ ವೀರಗಲ್ಲುಗಳ ಸಾಲಿಗೆ ಸೇರುತ್ತವೆ.